ಆರಿಂಚಿಗೆ ಒಂದು ಗಂಟು

ಆವರಗೆರೆ ದಾಟಿದ ಮೇಲೆ ಎರೆ ಭೂಮಿ.
ಹೋದ ವರ್ಷದವರೆಗೆ ಮೆಕ್ಕೆಜೋಳ,
ಈಗ ಮೂವತ್ತು-ನಲವತ್ತರ ಸೈಟು, ನಂಬರಿನ ಕಲ್ಲು.
ಬೇಸಿಗೆಗೆ ಈ ಮಣ್ಣು ಬಾಯಿ ಬಿಡುತ್ತದೆ;
ನನ್ನ ಹಾರೆ ಒಮ್ಮೆ ಬಿರುಕಿಗೆ ಜಾರಿ
ಮುಕ್ಕಾಲು ಪಾಲು ಒಳಗಾಗಿತ್ತು.
ಮಳೆ ಬಿದ್ದರೆ ಉಬ್ಬುತ್ತದೆ, ಹಿಟ್ಟು ಹುದುಗಿದ ಹಾಗೆ.
ಇಂಥದರ ಮೇಲೆ ಮನೆ ನಿಲ್ಲುವುದಿಲ್ಲ,
ತೇಲಬೇಕು,
ಹರಿಹರದ ಹೊಳೆಯಲ್ಲಿ ಹರಿಗೋಲಿನಂತೆ
ಎಂದು ಗುಲ್ಜಾರ್ ಬಿಗೆ ಹೇಳಿದೆ.
ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ
ಕಾದ ಮರಳು ಕೆದಕಿದ ಕೈ ಆಕೆಯದು.
"ಮರಳಾದ್ರೆ ಗೊತ್ತು ನನಗೆ, ಮಣ್ಣು ಗೊತ್ತಿಲ್ಲ.
ತೇಲ್ಲಿ ಬಿಡು, ಮುಳುಗದಿದ್ರೆ ಸಾಕು" ಅಂದಳು.

ನಾಲ್ಕಡಿ ಎರೆ ತೆಗೆದು ಹೊರಗೆ ಹಾಕಿ,
ಮೊರಮು ತುಂಬಿ, ನೀರು ಹೊಡೆದು, ದಿಮ್ಮಸು ಬಡಿದು
ತೆಳ್ಳಗೆ ಬೆಡ್ ಹಾಸುವಷ್ಟರಲ್ಲಿ ವಾರ ಹೋಯಿತು.
ಆಮೇಲೆ ನನ್ನದು: ಕಂಬಿ.
ಚಾಕ್‌ಪೀಸಿನ ಗುರುತು. ಉದ್ದಕ್ಕೆ ಹನ್ನೆರಡು ಎಂಎಂ, ಅಡ್ಡಕ್ಕೆ ಹತ್ತು,
ಆರಿಂಚಿಗೆ ಒಂದು,
ಕೂಡಿದಲ್ಲೆಲ್ಲ ಬೈಂಡಿಂಗ್ ತಂತಿ, ಕೊಕ್ಕೆಯ ಎರಡು ತಿರುವು.
ಬಗ್ಗಿದ ಸೊಂಟ ಮಧ್ಯಾಹ್ನದ ರೊಟ್ಟಿಗೇ ನೇರ.

ಕಂಬಿ ನೆಲ ಮುಟ್ಟಬಾರದು. ಮುಟ್ಟಿದರೆ ತುಕ್ಕು
ಒಳಗೊಳಗೇ ತಿನ್ನುತ್ತದೆ.
ಅಡಿಗೆ ಎರಡಿಂಚಿನ ಸಿಮೆಂಟ್ ಬಿಲ್ಲೆ ಇಡಬೇಕು.
ಪಿ.ಬಿ. ರೋಡಿನಲ್ಲಿ ಗಂಗಮಾಳಿಯ ಟೀ ಗಾಡಿ.
ಕುಡಿದು ಬಿಸಾಕಿದ ಕಾಗದದ ಲೋಟ ಆರಿಸಿ, ತೊಳೆದು,
ಸಾಲಾಗಿಟ್ಟು ಅವಳೇ ಗಾರೆ ತುಂಬಿದಳು,
ಸಕ್ಕರೆ ಚಮಚದಲ್ಲೇ ಅಂಚು ಸವರಿ.
ಮಾರನೆ ದಿನ ಕಾಗದ ಸುಲಿದರೆ
ಬೂದು ಬಣ್ಣದ ಬೆಲ್ಲದ ಅಚ್ಚು.
ಲಾರಿ ಕ್ಲೀನರು, ಅಡತಿಯ ಹಮಾಲರು, ಐಟಿಐ ಹುಡುಗರು,
ಯಾರು ಯಾರೋ ಊದಿ ಊದಿ ಕುಡಿದದ್ದು,
ಅಷ್ಟೂ ಸೇರಿ ಗುಲ್ಜಾರ್ ಬಿಯ ಮನೆ ಹೊರಬೇಕು ಈಗ.
"ನೂರಾ ನಲವತ್ತು ಟೀ. ಬಾಕಿ ಬರ್ಕೊಳ್ಳಲಾ?"
ಎಂದು ನಕ್ಕಳು, ನನ್ನ ಹೆಂಡತಿ.

ಸಂಜೆ ರುದ್ರೇಶಿ, ಬೈಕಿಂದ ಇಳಿಯದೆ:
"ಎಂಟಕ್ಕೆ ಕಟ್ಟಪ್ಪಾ. ನಾಳೆ ಕಾಂಕ್ರೀಟ್ ಬಿದ್ದ ಮ್ಯಾಲೆ
ಯಾವ ದೇವ್ರು ಬಂದು ಎಣಿಸ್ತಾನೆ?"

ಎಣಿಸುವವನು ಯಾರೆಂದು ನನಗೆ ಗೊತ್ತು.
ಐದು ವರ್ಷದ ಹಿಂದೆ ನಿಟ್ಟುವಳ್ಳಿಯಲ್ಲಿ
ಒಂದು ಮನೆಗೆ ಎಂಟಕ್ಕೇ ಕಟ್ಟಿದ್ದೆ.
ಉಳಿದ ಕಂಬಿಯ ಪಾಲು ಒಂದೂವರೆ ಸಾವಿರ:
ಮಗಳ ಶೂ, ಟೀ ಗಾಡಿಗೆ ಎರಡು ಚಕ್ರ.
ಎರಡನೇ ಮಳೆಗೆ ಮುಂಬಾಗಿಲ ಮೂಲೆ ಎಳೆ ಬಿಟ್ಟಿತು,
ಮೂರನೆಯದಕ್ಕೆ ಬೆಂಕಿಕಡ್ಡಿ ಹಿಡಿಸುವಷ್ಟು.
ಆ ಮನೆಯ ನರ್ಸಮ್ಮ ಅದರ ಮೇಲೆ ಕ್ಯಾಲೆಂಡರ್ ತೂಗಿದ್ದಾಳೆ.
ಬಾಗಿಲು ತೆರೆದಿದ್ದರೆ ಸೈಕಲ್ಲಿಂದಲೇ ಕಾಣುತ್ತದೆ,
ಕಳೆದ ಸಲ ಕ್ಯಾಲೆಂಡರಿನ ಕೆಳಗೆ
ಎರಡು ಬೆರಳುದ್ದ ಹೊರಗೆ ಬಂದಿತ್ತು.
ಒಮ್ಮೆ ನಿಲ್ಲಿಸಿ ಕೇಳಿದ್ದಳು,
"ಮೇಸ್ತ್ರಿ, ಇದ್ಯಾಕೆ ಹಿಂಗಾತು?"
"ಮಣ್ಣು ಕೆಟ್ಟದ್ದಮ್ಮ" ಅಂದೆ.
ಮಣ್ಣಿಗೆ ಬಾಯುಂಟು, ಮಾತಿಲ್ಲ.

ರುದ್ರೇಶಿಗೆ ಹೂಂ ಅಂದೆ. ಬೈಕು ತಿರುವು ದಾಟಿತು.
ಆರಕ್ಕೇ ಕಟ್ಟಿದೆ.
ಕತ್ತಲಾದ ಮೇಲೆ ಕೀಪ್ಯಾಡ್ ಫೋನಿನ ಬೆಳಕು ಹಲ್ಲಲ್ಲಿ ಕಚ್ಚಿ.
ಕಂಬಿಯ ಲೆಕ್ಕ ಕೇಳುತ್ತಾನೆ, ಕೂಲಿಯಲ್ಲಿ ಹಿಡಿಯುತ್ತಾನೆ.
ಹಿಡಿಯಲಿ.

ಬೆಳಿಗ್ಗೆ ಮಿಕ್ಸರ್ ಬಂತು. ಮೊದಲ ಬಾಂಡ್ಲಿಗೆ ಮುಂಚೆ
ಗುಲ್ಜಾರ್ ಬಿ ಸೆರಗಿನ ಗಂಟು ಬಿಚ್ಚಿ
ಭಟ್ಟಿಯ ಕಪ್ಪು ಮರಳು ಒಂದು ಹಿಡಿ
ಕಂಬಿಗಳ ಸಂದಿಯಲ್ಲಿ ಉದುರಿಸಿದಳು.
ಯಾವ ಶಾಸ್ತ್ರವೆಂದು ನಾವು ಕೇಳಲಿಲ್ಲ.
ಸಂಜೆ ನಾಲ್ಕಕ್ಕೆಲ್ಲ ಗಂಟು, ಲೋಟ, ಮರಳು
ಎಲ್ಲದರ ಮೇಲೆ ಒಂದೇ ಬೂದು ಬಯಲು.

ಹತ್ತು ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು.
ಆಕೆ ಅಂಚಲ್ಲಿ ಕೂತು, ಪಾದ ಅದ್ದಿ,
"ತೇಲ್ತೈತಾ?" ಎಂದಳು.
"ಮಳೆ ಬರ್ಲಿ, ನೋಡಾಣ."

ಹೋಗುವಾಗ ನಿಟ್ಟುವಳ್ಳಿಯ ದಾರಿ ಹಿಡಿದೆ.
ಬಾಗಿಲು ಹಾಕಿತ್ತು. ಒಳಗೆ ಕುಕ್ಕರ್ ಕೂಗುತ್ತಿತ್ತು.
ಮೂರನೇ ಸೀಟಿಯವರೆಗೆ ನಿಂತಿದ್ದೆ.