ಹೆಣ್ಣುದನಿ

ರಿಹರ್ಸಲಿಗೆ ಬನ್ನಿ ಅಂದರು, ಹೋದೆ.
ಸಕ್ಕರೆ ಕಾರ್ಖಾನೆಯ ಹಳೆ ಕ್ಲಬ್ಬು, ಬಣ್ಣ ಹೊಸದು.
ಗೋಡೆಯೊಳಗಿನ ಕಾಕಂಬಿ ವಾಸನೆ ಮಾತ್ರ
ನನ್ನ ಗುರುತು ಹಿಡಿದು ಎದ್ದು ಬಂತು.

‘ಅರವತ್ತರ ಅಲೆ’ ಎಂದು ಬ್ಯಾನರು.
ಅಲೆ! ಮಂಡ್ಯದಲ್ಲಿ!
ವಿ.ಸಿ. ನಾಲೆಗೆ ಎಮ್ಮೆ ಇಳಿದಾಗ ಏಳುವುದು ಬಿಟ್ಟರೆ
ನಾವು ಕಂಡ ಅಲೆ ಯಾವುದು?

ಇದ್ದದ್ದು ಇಷ್ಟು:
ಬಾಯ್ಲರ್ ಮನೆಯ ಅಂತೋಣಪ್ಪನ ಅಕಾರ್ಡಿಯನ್ನು,
ಉಸಿರು ಸೋರುವ ಕಡೆಗೆ ಸೈಕಲ್ ಟ್ಯೂಬಿನ ತೇಪೆ.
ಕಬ್ಬಿನ ಗಾಡಿ ತೂಗುವ ಗುಮಾಸ್ತ ಬಾಬಾಜಾನ್,
ಅವನ ಹವಾಯಿ ಗಿಟಾರು, ತಂತಿಯ ಮೇಲೆ ಜಾರಿಸಲು
ವರ್ಕ್‌ಶಾಪಿನಿಂದ ಎತ್ತಿ ತಂದ ಪೈಪಿನ ತುಂಡು.
ಪುಟ್ಟಸ್ವಾಮಾಚಾರಿ ಹಲಸಿನಲ್ಲಿ ಕಡೆದ ಜೋಡಿ ಬಾಂಗೋ,
ಒಂದು ದೊಡ್ಡದು, ಇನ್ನೊಂದು ಇನ್ನೂ ದೊಡ್ಡದು.

ಮತ್ತೆ ನಾನು.

ಹೆಣ್ಣುಮಕ್ಕಳನ್ನು ಸ್ಟೇಜಿಗೆ ಯಾರು ಕಳಿಸುತ್ತಿದ್ದರು ಆಗ?
ಹದಿನಾರು ತುಂಬಿದರೂ ಒಡೆಯದ ಗಂಟಲು ನನ್ನದು.
ಏರಿಯ ಮೇಲೆ ದನ ಅಟ್ಟಿಕೊಂಡು
ರೇಡಿಯೋದ ಹಾಡು ಹೇಳಿಕೊಂಡು ಹೋಗುತ್ತಿದ್ದರೆ
ಅಂತೋಣಪ್ಪ ಸೈಕಲ್ ನಿಲ್ಲಿಸಿ ಅತ್ತಿತ್ತ ನೋಡಿದ:
‘ಆ ಹೆಣ್ಮಗಳು ಎಲ್ಲೋದ್ಲು ಲಾ?’
‘ನಾನೇ ಕಣಣ್ಣ.’

ಪೋಸ್ಟರಿನಲ್ಲಿ ಮರಿಲಿಂಗಯ್ಯ ಹೋಗಿ ಮಿಸ್ ಲಿಂಗು.
ನಾನು ಪರದೆಯ ಹಿಂದೆ. ಮುಂದೆ
ಒಂಟಿ ಮೈಕು, ಅದಕ್ಕೊಂದು ಮೊಳ ಮಲ್ಲಿಗೆ.
ಜನ ಶಿಳ್ಳೆ ಹೊಡೆಯುತ್ತಿದ್ದದ್ದು ಮಲ್ಲಿಗೆಗೆ.
ಕೆ.ಎಂ. ದೊಡ್ಡಿಯ ಒಬ್ಬಾತ ಕಾಗದ ಬರೆದಿದ್ದ:
‘ತಾವು ಯಾವ ಕುಲವಾದರೂ ಅಡ್ಡಿಯಿಲ್ಲ.’
ಉತ್ತರ ಬರೆಯಲಿಲ್ಲ.
ಹರಿಯಲೂ ಇಲ್ಲ.

ಆಮೇಲೆ ಮದ್ದೂರು. ಗಣಪತಿ ಪೆಂಡಾಲು.
ಎರಡನೆ ಚರಣದ ನಟ್ಟನಡುವೆ
ಕೇಳದೆ ಕರೆಯದೆ ಒಬ್ಬ ಗಂಡಸು
ನನ್ನ ಗಂಟಲಿಗೆ ಬಂದು ಕೂತ.
ಒಂದು ಗಳಿಗೆ ಊರೇ ಸುಮ್ಮನಾಯಿತು,
ಆಮೇಲೆ ನಕ್ಕಿತು ನೋಡಿ, ಶಾಮಿಯಾನ ಹಾರುವ ಹಾಗೆ.
ಮಿಕ್ಕ ಹಾಡನ್ನು ಅಕಾರ್ಡಿಯನ್ನೇ ಹೇಳಿತು.
ಮಾರನೆ ವಾರದಿಂದ ಗೋದಾಮಿನಲ್ಲಿ
ಮೂಟೆ ಎಣಿಸಿದೆ, ಮೂವತ್ತಾರು ವರ್ಷ.
ಎಣಿಸುವುದಕ್ಕೆ ಯಾವ ದನಿಯಾದರೂ ಆಗುತ್ತದೆ.

ಈಗ ನನ್ನ ಪಾತ್ರಕ್ಕೆ ಪೂರ್ವಿಕಾ, ಬಿ.ಕಾಂ. ಎರಡನೆ ವರ್ಷ.
ಹೆಣ್ಣಿನ ಹಾಗೆ ಹಾಡುವ ಗಂಡಾಗಿ
ಒಂದು ಹೆಣ್ಣು!
ಕಾಲಿಗಂಟಿದ ಪ್ಯಾಂಟು, ಮೇಲೆತ್ತಿ ಬಾಚಿದ ಕ್ರಾಪು,
ಕಾಡಿಗೆಯಲ್ಲಿ ತಿದ್ದಿದ ಮೀಸೆ.
‘ಮೀಸೆ ಇರ್ಲಿಲ್ಲ ಕಣವ್ವ,’ ಅಂದೆ.
ಅಂಗೈಯಲ್ಲಿ ಒರೆಸಿಕೊಂಡಳು.

ನಿರ್ದೇಶಕರು ಕೇಳಿದ್ದು ಇಸವಿ, ಫೋಟೋ,
ಆ ಕಾಲದ ಫೀಲಿಂಗು.
ಅವಳು ಕೇಳಿದ್ದು ಒಂದೇ:
‘ಹಾಡುವಾಗ ಕೈ ಏನ್ ಮಾಡ್ತಿದ್ರಿ ತಾತ?’
ಅರವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನಾನೂ.
‘ಪರದೆ ಹಿಡ್ಕೊಂಡಿರ್ತಿದ್ದೆ,’ ಅಂದೆ,
‘ಇಲ್ಲಿ, ಸೊಂಟದ ಮಟ್ಟಕ್ಕೆ, ಬೆವರಿ ಒದ್ದೆಯಾಗೋ ಹಂಗೆ.’

ಅವಳ ಸ್ಕ್ರಿಪ್ಟಿನಲ್ಲಿ ಕೆಂಪು ಇಂಕಿನ ಗೆರೆ ಎಳೆದಿದ್ದರು:
ಇಲ್ಲಿ ದನಿ ಒಡೆಯುತ್ತದೆ. ಜನ ನಗುತ್ತಾರೆ.

ಪ್ರದರ್ಶನದ ದಿನ ನನಗೆ ಮೊದಲ ಸಾಲು,
ಹೆಗಲಿಗೆ ಶಾಲು, ಕೈಯಲ್ಲಿ ಏನು ಮಾಡುವುದೋ ತಿಳಿಯದ ಹಣ್ಣಿನ ಬುಟ್ಟಿ.
ಪರದೆಯ ಮೇಲೆ ಬೆಳಕು ಬಿತ್ತು, ಸೊಂಟದ ಮಟ್ಟಕ್ಕೆ
ಬಟ್ಟೆ ಮುದುಡಿತು, ಒಂದು ಮುಷ್ಟಿಯಷ್ಟು.
ಪಲ್ಲವಿ. ಮೊದಲ ಚರಣ. ಎರಡನೆಯದು.
ಬುಟ್ಟಿಯ ಹಿಡಿ ಬಿಗಿ ಹಿಡಿದೆ.

ಒಡೆಯಲಿಲ್ಲ.
ಪಕ್ಕದಲ್ಲಿ ನಿರ್ದೇಶಕರು ಹಾಳೆ ತಿರುವಿದರು, ಮತ್ತೆ ತಿರುವಿದರು.
ಯಾರೂ ನಗಲಿಲ್ಲ, ನಗುವಂಥದ್ದು ನಡೆದಿರಲೇ ಇಲ್ಲ.
ಅವಳು ಮದ್ದೂರು ದಾಟಿ ಮುಂದೆ ಹೋದಳು.

ಆ ಹಾಡಿಗೆ ಮೂರನೆ ಚರಣವೂ ಇದೆ.
ನನಗೆ ಮರೆತೇ ಹೋಗಿತ್ತು.