ಕಾಲಿಗೆ ತಾಗಿತ್ತು

ರಜೀನಾ, ನಿನ್ನ ಫಾರ್ಮು ಇನ್ನೂ ನನ್ನ ಮೇಜಿನ ಮೇಲಿದೆ.
‘ಮುಂದೆ ಏನಾಗಲು ಬಯಸುತ್ತೀರಿ’ ಎಂಬಲ್ಲಿ
ಒಂದು ಚುಕ್ಕಿ ಇಟ್ಟು ಬಿಟ್ಟಿದ್ದೀಯ,
ಪೆನ್ನು ಅಲ್ಲೇ ನಿಂತು ಯೋಚಿಸಿದ ಹಾಗೆ.
ಖಾಲಿ ಬಿಟ್ಟವರನ್ನು ಬೈಯಬೇಕಂತೆ. ನಾನು ಬೈಯಲಾರೆ.

ನನ್ನ ಕಾಲದಲ್ಲಿ ಫಾರ್ಮು ಇರಲಿಲ್ಲ, ಅಜ್ಜನಿದ್ದ.
ಸುಬೇದಾರ್ ಬೆಳ್ಯಪ್ಪ. ಒಕ್ಕದಲ್ಲಿ ಹುಟ್ಟಿದವರಿಗೆಲ್ಲ
ತೊಟ್ಟಿಲಲ್ಲೇ ಕೆಲಸ ಹಂಚಿಬಿಡುತ್ತಿದ್ದ:
ಇವನು ಪಟಾಲಮ್ಮಿಗೆ, ಅವನು ಫುಲ್‌ಬ್ಯಾಕಿಗೆ,
ಇವಳ ಕಾಲು ಉದ್ದ, ಓಡಲಿ.
ಓಡಿದೆ. ಚೆಂಡು ನನ್ನನ್ನು ದಾಟಿ ಓಡಿತು.
ಗೋಲು ಕಾಯಲು ನಿಲ್ಲಿಸಿದರು;
ಎದುರಾಳಿಯ ಬೂಟಿನ ದಾರ ಬಿಚ್ಚಿದ್ದನ್ನು ನೋಡುತ್ತ ನಿಂತೆ,
ಹಿಂದೆ ಬಲೆ ಅಲ್ಲಾಡಿತು.
ಮಡಿಕೇರಿಯಲ್ಲಿ ನರ್ಸಿಂಗ್, ಎಂಟು ತಿಂಗಳು.
ಸಿಸ್ಟರ್ ಬರೆದ ಜ್ವರದ ಚಾರ್ಟು ತಪ್ಪೆಂದು
ಎಲ್ಲರೆದುರು ಹೇಳಿದೆ. ತಪ್ಪೇ ಆಗಿತ್ತು.
ಗೋಣಿಕೊಪ್ಪಲಿನ ಸಂತೆಯಲ್ಲಿ, ಆರು ವರ್ಷದವಳಿದ್ದಾಗ,
ಕರಿಮೆಣಸಿನ ತಕ್ಕಡಿಗೆ ಸಾಹುಕಾರನ ಕಿರುಬೆರಳು
ಆನಿಸಿದ್ದು ಕಂಡದ್ದೂ ನನಗೇ.
ಚಿಕ್ಕಪ್ಪ ನನ್ನ ಬಾಯಿಗೆ ಕಿತ್ತಳೆ ತೊಳೆ ತುರುಕಿದ.

ಇವಳದು ಕಣ್ಣಲ್ಲ, ಮುಳ್ಳು, ಅಂದಳು ಅಮ್ಮ.
ತಪ್ಪು ಹೆಕ್ಕುವವಳನ್ನು ಯಾರು ಕಟ್ಟಿಕೊಳ್ಳುತ್ತಾರೆ?

ಒಂದು ಭಾನುವಾರ, ಅಮ್ಮತ್ತಿಯ ಮೈದಾನದಲ್ಲಿ,
ಕುಟ್ಟಯ್ಯ ಮಾಸ್ತರರ ದವಡೆ ಹಲ್ಲು ಕೆರಳಿತು.
‘ಹತ್ತು ನಿಮಿಷ ಹಿಡಿ’ ಎಂದು ಸೀಟಿ ಕೊಟ್ಟು
ಲವಂಗ ಹುಡುಕಿ ಹೋದವರು
ಪಂದ್ಯ ಮುಗಿದ ಮೇಲೆ ಬಂದರು.
ಬೇರೆಯವರ ಎಂಜಲಿನ ಸೀಟಿ. ಅಂಗಿಗೆ ಒರೆಸಿ ಊದಿದೆ.
ಇಪ್ಪತ್ತೆರಡು ಗಂಡಸರು ನಿಂತರು.
ರಜೀನಾ, ಆಗ ನನಗೆ ರೋಮಾಂಚನವೇನೂ ಆಗಲಿಲ್ಲ.
ಅಳತೆಗೆ ಸರಿಯಾದ ಚಪ್ಪಲಿ ಮೆಟ್ಟಿದಾಗ ಏನಾಗುತ್ತದೆ?
ಚಪ್ಪಲಿ ಮರೆತುಹೋಗುತ್ತದೆ, ಅಷ್ಟೇ.

ಸುಖವೆಂದು ಹೇಳುತ್ತಿಲ್ಲ.
ಭತ್ಯೆ ಬಸ್ಸಿಗೂ ಸಾಲದು, ಅದಕ್ಕೇ ನಿಮಗೆ ಪೀಟಿ ಮಾಡಿಸುವುದು.
ನಾಪೋಕ್ಲಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಒಕ್ಕಗಳ ಪಂದ್ಯ.
ನಮ್ಮ ಮನೆಯವರ ಆಟಕ್ಕೆ ನಾನು ಬೇಡವೆಂದೆ;
ಬರಬೇಕಾದವರ ಜೀಪು ಕೆಟ್ಟು ನಿಂತಿತ್ತು.
‘ಪರವಾಗಿಲ್ಲ, ಊದಲಿ’ ಎಂದರು ಎರಡೂ ಕಡೆಯವರು,
ನಮ್ಮ ಕಡೆಯವರು ಸ್ವಲ್ಪ ಜೋರಾಗಿಯೇ.
ಕೊನೆಯ ಎರಡು ನಿಮಿಷ. ಡಿ ಒಳಗೆ ಅಣ್ಣ ಪಳಂಗಪ್ಪ.
ಚೆಂಡು ಅವನ ಎಡಬೂಟಿಗೆ ತಾಗಿ
ಕೂದಲೆಳೆಯಷ್ಟು ತಿರುಗಿ ಸ್ಟಿಕ್ಕಿಗೆ ಬಂತು.
ಗೋಲು. ಇಡೀ ಗ್ಯಾಲರಿ ಎದ್ದಿತು.
ವಾಲಗದವರು ಶುರು ಮಾಡಿದ್ದೂ ಆಗಿತ್ತು.
ನಾನು ಊದಿದೆ.

ಆ ರಾತ್ರಿ ಮನೆಯಲ್ಲಿ ಇಪ್ಪತ್ತು ಜನ.
ಬಿಸಿ ಕಡಂಬುಟ್ಟು. ಮಾತಿಲ್ಲ.
ಅಂಗಳದಲ್ಲಿ ಬೂಟು ಎಸೆದ ಸದ್ದು, ಎರಡು ಸಲ.
ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದೆ.
ಕಣ್ಣು ಮಂಜಾದ ಅಜ್ಜಿ, ಆಟ ನೋಡಿರದವಳು,
ಒಲೆಯ ಬಳಿಯಿಂದ ಕೇಳಿದಳು:
‘ಕಾಲಿಗೆ ತಾಗಿತ್ತಾ?’
‘ತಾಗಿತ್ತು.’
‘ಹಾಗಾದ್ರೆ ಕೂತು ಉಣ್ಣು.’

ಅಣ್ಣ ಹನ್ನೊಂದು ದಿನ ಮಾತು ಬಿಟ್ಟ.
ಹನ್ನೆರಡನೆಯ ದಿನ, ನನ್ನ ಕಡೆ ನೋಡದೆ,
‘ಆ ಬೂಟು ಒಂದು ನಂಬರು ದೊಡ್ಡದು’ ಅಂದ.

ಈಗ ನಿನ್ನ ಚುಕ್ಕಿಗೆ ಬರುತ್ತೇನೆ.
ಏನು ಇಷ್ಟ ಎಂದು ಕೇಳಲಾರೆ,
ನಿನ್ನ ವಯಸ್ಸಿನಲ್ಲಿ ಇಷ್ಟ ದಿನಕ್ಕೊಂದು.
ನಿನ್ನ ಉಮ್ಮ ಯಾವುದಕ್ಕೆ ಬೈಯುತ್ತಾಳೆ?
ಚೆನ್ನಾಗಿದ್ದ ಮಿಕ್ಸಿ ಬಿಚ್ಚಿ ಹರವಿದ್ದಕ್ಕಾ?
ಗುರುತಿಲ್ಲದ ಮುದುಕಿಯ ಜೊತೆ ಹರಟುತ್ತ
ಸಿದ್ದಾಪುರದಲ್ಲಿ ಇಳಿಯದೆ ವಿರಾಜಪೇಟೆ ತನಕ ಹೋದೆಯಲ್ಲ, ಅದಕ್ಕಾ?
ಅದನ್ನು ಬರಿ.
ಬೇಡವಾದರೆ ಬರೆಯಬೇಡ,
ಹೆಡ್‌ಮಾಸ್ತರರಿಗೆ ಸೋಮವಾರದವರೆಗೆ ಏನೋ ಹೇಳುತ್ತೇನೆ.
ಬರೆದರೆ ಮಾತ್ರ ಪೆನ್ಸಿಲ್ಲಿನಲ್ಲಿ.