ಪರಿಮಿತ ರಜೆ

ನವೆಂಬರ್ ಬಂತೆಂದರೆ ಬಹುಮಹಡಿ ಕಟ್ಟಡದ ಆರನೇ ಅಂತಸ್ತಿಗೆ
ಮುಂದಿನ ವರ್ಷದ ದೇವರೆಲ್ಲ ಬರುತ್ತಾರೆ
ಒಂದೇ ಕಡತದಲ್ಲಿ, ಕೆಂಪು ದಾರ ಕಟ್ಟಿಸಿಕೊಂಡು.
ನಾನು ಟೈಪು ಮಾಡಬೇಕು:
ಕ್ರಮಸಂಖ್ಯೆ, ದಿನಾಂಕ, ವಾರ, ಹಬ್ಬ.

ಭಾನುವಾರ ಬೀಳುವವರನ್ನು ಪಟ್ಟಿಯಿಂದ ಇಳಿಸಬೇಕು.
ಎರಡನೇ ಶನಿವಾರ ಹುಟ್ಟಿದ ಮಹನೀಯರಿಗೂ ಅಷ್ಟೇ,
ಕೆಳಗೆ ಷರಾದಲ್ಲಿ ಒಂದು ಸಾಲು, ಸಣ್ಣ ಅಕ್ಷರ.
ಮಹಾವೀರ ಜಯಂತಿ ಹಾಗೆ ಹೋದ ವರ್ಷ
ಲೆಕ್ಕಶಾಖೆಯ ಧರಣೇಂದ್ರಯ್ಯ ನಕ್ಕರು:
'ಬಿಡಮ್ಮ, ನಮ್ಮ ಸ್ವಾಮಿ ಬಟ್ಟೇನೇ ಬಿಟ್ಟವನು,
ಒಂದು ರಜೆ ಬಿಡಲಾರನಾ?'

ಈದಿನ ಮುಂದೆ 'ಚಂದ್ರದರ್ಶನಕ್ಕೆ ಒಳಪಟ್ಟು'.
ಇಪ್ಪತ್ತೆಂಟು ವರ್ಷ ನಾನು ಬಡಿದ ಆದೇಶಗಳಲ್ಲಿ
ಆಕಾಶದ ಒಪ್ಪಿಗೆ ಕೇಳಿದ ಸಾಲು ಇದೊಂದೇ.
ಉಳಿದದ್ದಕ್ಕೆಲ್ಲ
ಆರ್ಥಿಕ ಇಲಾಖೆಯ ಸಹಮತಿ ಸಾಕು.
ಒಂದು ಸಲ ಚಂದ್ರ ಸಹಿ ಹಾಕಲಿಲ್ಲ.
ಬುಧವಾರ ಊರೆಲ್ಲ ಮುನೀರಾಳ ಹಬ್ಬಕ್ಕೆಂದು ಮಲಗಿತ್ತು,
ಮುನೀರಾ ಉಪವಾಸವಿದ್ದಳು.
ಗುರುವಾರ ನಾವು ಫ್ಯಾನಿನ ಕೆಳಗೆ ಟಪ್ಪಾಲು ಬಿಡಿಸುತ್ತಿದ್ದಾಗ
ಅವಳ ಕುರ್ಚಿ ಹೊಸ ಬಟ್ಟೆ ತೊಟ್ಟು ಎಲ್ಲೋ ಹೋಗಿತ್ತು.
ಶುಕ್ರವಾರ ಬಂತು
ಸ್ಟೀಲಿನ ಡಬ್ಬಿಯಲ್ಲಿ ತಣ್ಣಗಾದ ಶೀರ್ ಖುರ್ಮಾ.

ಕೈಲ್ ಮುಹೂರ್ತ: ಕೊಡಗು ಜಿಲ್ಲೆಗೆ ಮಾತ್ರ.
ಬೊಳ್ಳಮ್ಮ ಇಲ್ಲೇ ಇದ್ದಳು, ಎರಡನೇ ಮೇಜು, ಕಿಟಕಿ ಪಕ್ಕ.
ಆ ದಿನ ಕಚೇರಿಯ ಆಯುಧಗಳನ್ನು ಸಾಲಾಗಿ ಜೋಡಿಸುತ್ತಿದ್ದಳು,
ಕತ್ತರಿ, ದಬ್ಬಣ, ಪಂಚಿಂಗ್ ಮೆಷಿನ್ನು,
ಒಂದೊಂದರ ಮೇಲೂ ಒಂದೊಂದು ಸೇವಂತಿಗೆ.
ಸಂಜೆಯವರೆಗೆ ಯಾರೂ ಕಾಗದ ಕತ್ತರಿಸಲಿಲ್ಲ.

ಜವಾನ ಪಿಳ್ಳಪ್ಪನ ಕರಗ ಯಾವ ಪಟ್ಟಿಯಲ್ಲೂ ಇಲ್ಲ.
ಅದು ರಾತ್ರಿ ನಡೆಯುತ್ತದೆ,
ರಾತ್ರಿಗೆ ಯಾರೂ ಅರ್ಜಿ ಕೊಡಬೇಕಿಲ್ಲ.
ತಿಗಳರ ಪೇಟೆಯಿಂದ ದರ್ಗಾದವರೆಗೆ ನಡೆದು, ಮತ್ತೆ ನಡೆದು,
ಬೆಳಿಗ್ಗೆ ಹತ್ತಕ್ಕೆ ಯಂತ್ರದ ಮೇಲೆ ಹೆಬ್ಬೆರಳಿಟ್ಟ.
ಯಂತ್ರ ಗುರುತು ಹಿಡಿಯಲಿಲ್ಲ.
ಬೆರಳಿನಲ್ಲಿ ಅರಿಶಿನವಿತ್ತು, ಮಲ್ಲಿಗೆಯಿತ್ತು.
ಒರೆಸಿಕೊಂಡು ಮತ್ತೆ ಇಟ್ಟ.

ಇನ್ನು ನನ್ನದು.
ಪರಿಮಿತ ರಜೆ ವರ್ಷಕ್ಕೆ ಎರಡು.
ವರಮಹಾಲಕ್ಷ್ಮಿಗೆ ಒಂದು, ಅತ್ತೆ ಇರುವ ತನಕ ಅದು ಅತ್ತೆಯದು.
ಇನ್ನೊಂದಕ್ಕೆ ನಾನು ಬರೆದುಕೊಟ್ಟೆ: ಪವಿತ್ರ ಶನಿವಾರ.
ಅಧೀಕ್ಷಕರು ಕನ್ನಡಕ ಇಳಿಸಿದರು.
'ನೀವು ಯಾವಾಗಮ್ಮ ಆ ಕಡೆ ಹೋದ್ರಿ?'
ಎಲ್ಲೂ ಹೋಗಿಲ್ಲ ಸಾರ್.
'ಯಾವುದಾದರೂ ಎರಡು' ಎಂದಿದೆ ನಿಯಮ,
ಯಾರು ನೀನು ಎಂದು ಕೇಳಿಲ್ಲ.
ನಾನೇ ಟೈಪು ಮಾಡಿದ್ದು, ನನಗೆ ಗೊತ್ತು.

ಮನೆಯವರು ಹೋದ ವರ್ಷ ಅದು.
ನಮ್ಮಲ್ಲಿ ಸತ್ತವರಿಗೂ ದಿನಕ್ಕೊಂದು ಕೆಲಸ:
ಮೂರಕ್ಕೆ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ,
ತಿಂಗಳು, ಆರು ತಿಂಗಳು, ವರ್ಷಾಬ್ದಿಕ,
ಎಲೆ, ಬೆಲ್ಲ, ಬಂದವರ ಕಾಫಿ.
ಏನೂ ಇಲ್ಲದ ಒಂದು ದಿನ
ಎಲ್ಲಿ ಹುಡುಕಿದರೂ ಇರಲಿಲ್ಲ.
ಊಟದ ಹೊತ್ತಲ್ಲಿ ಅಲ್ಫೋನ್ಸಮ್ಮನನ್ನು ಕೇಳಿದೆ:
ಶುಕ್ರವಾರ ಸತ್ತ, ಭಾನುವಾರ ಎದ್ದ. ಶನಿವಾರ?
'ಶನಿವಾರ ಏನೂ ಇಲ್ಲ ಕಣೇ.
ಹಗಲೆಲ್ಲ ಪೂಜೆ ಕೂಡ ಇಲ್ಲ. ಸುಮ್ಮನೆ ಇರೋದು.'
ಮೊಸರನ್ನದ ಕೈ ತೊಳೆದು ಹೋಗಿ ಅರ್ಜಿ ಬರೆದೆ.

ಅಂದಿನಿಂದ ಪ್ರತಿ ವರ್ಷ,
ಅದು ಎರಡನೆಯದೋ ನಾಲ್ಕನೆಯದೋ ಆಗಿ
ಸರ್ಕಾರವೇ ಪುಕ್ಕಟೆ ಕೊಡದಿದ್ದರೆ,
ಆ ಶನಿವಾರ ನನ್ನದು.
ಲಿಂಗರಾಜಪುರದ ತಾರಸಿಯ ಮೇಲೆ ಕಂಬಳಿ ಒಣಗಿಸುತ್ತೇನೆ.
ಅವರ ಕಂಬಳಿಯೂ ಒಂದು.
ಯಾರಿಗೂ ಎಡೆ ಇಡುವುದಿಲ್ಲ, ಯಾರನ್ನೂ ಕರೆಯುವುದಿಲ್ಲ.
ದೇವರೇ ಕೆಲಸಕ್ಕೆ ಹೋಗದ ದಿನ.

ಮರುದಿನ ಅವನು ಏಳುತ್ತಾನೆ.
ಅದು ಭಾನುವಾರ.
ಪಟ್ಟಿಯಲ್ಲಿ ಬರುವುದಿಲ್ಲ.